ಒಂದು ದಿನದ ಮದುವೆ ಸಾಕಿತ್ತು

ಲಿಕ್ ಫೋರ್ಕ್, ವೆಸ್ಟ್ ವರ್ಜೀನಿಯಾ
21 ನವೆಂಬರ್ 2021

ನನ್ನ ರೋಂಡಾ,

ನಿನ್ನ ಬೆನ್ನು ಈಗ ಹೇಗಿದೆ? ಆಪರೇಷನ್ ಆದವರು ಮೂರು ತಿಂಗಳು ಬಗ್ಗಬಾರದಂತೆ. ಅಲಾಸ್ಕಾದ ಹಿಮವನ್ನು ನೀನೇ ಸಲಿಕೆ ಹಿಡಿದು ತೆಗೆಯುತ್ತಿದ್ದೀಯೇನೋ ಎಂದು ನನಗೆ ದಿಗಿಲು. ನೀನು ಸಿಟ್ಟಿನಿಂದ ಫೋನ್ ಇಟ್ಟು ಮೂರು ವಾರವಾಯಿತು. ಅಂದೇ ಬರೆಯಬೇಕಿತ್ತು. ಕೂತೆ, ಎದ್ದೆ, ಮತ್ತೆ ಕೂತೆ. ತಡವಾಯಿತು, ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಇಲ್ಲಿ ಒಲೆಯ ಕೊಳವೆ ರಿಪೇರಿಯಾಯಿತು. ಅಪ್ಪನ ಟ್ರಕ್ಕನ್ನು ನಿನ್ನ ಚಿಕ್ಕಪ್ಪ ಡೆಂಜಿಲ್ ತೆಗೆದುಕೊಂಡು ಹೋದ. ನನ್ನನ್ನು ಕೇಳಿದ ಎಂದುಕೊಳ್ಳಬೇಡ. ಬಂದ, ಮೊಳೆಯಲ್ಲಿದ್ದ ಕೀಲಿ ತೆಗೆದುಕೊಂಡ, ಹೊರಟ. ನಾನು ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡಿದೆ.

ಎಲ್ಲವನ್ನೂ ಮೊದಲಿಂದ ಹೇಳು ಎಂದಿದ್ದೆಯಲ್ಲ, ಹೇಳುತ್ತೇನೆ.

ಐದು ವರ್ಷದ ಹಿಂದೆ ಅಪ್ಪನ ಮೂತ್ರ ಕೆಂಪಾಯಿತು. ಬೀಟ್‌ರೂಟ್ ತಿಂದದ್ದಕ್ಕೆ ಎಂದ. ಒಂದು ತಿಂಗಳು ಅದೇ ಮಾತು. ಕೊನೆಗೆ ಡಾಕ್ಟರು ಮೂತ್ರಕೋಶದ ಕ್ಯಾನ್ಸರ್ ಎಂದಾಗ ಮೊದಲ ಬಾರಿಗೆ ವಿಯೆಟ್ನಾಂ ಮಾತು ತೆಗೆದ. ಕಾಡಿನ ಎಲೆ ಉದುರಿಸುವ ವಿಷವನ್ನು ಪೀಪಾಯಿಗಳಿಂದ ವಿಮಾನಕ್ಕೆ ತುಂಬುವುದು ಅವನ ಕೆಲಸವಾಗಿತ್ತಂತೆ. ಖಾಲಿ ಪೀಪಾಯಿಯನ್ನು ಅರ್ಧಕ್ಕೆ ಕತ್ತರಿಸಿ ಅದರಲ್ಲೇ ಅಂಗಿ ಒಗೆದುಕೊಳ್ಳುತ್ತಿದ್ದರಂತೆ, ಭಾನುವಾರ ಅದರಲ್ಲೇ ಕೆಂಡ ಹಾಕಿ ಮಾಂಸ ಸುಡುತ್ತಿದ್ದರಂತೆ. ಹತ್ತೊಂಬತ್ತು ವರ್ಷದ ಹುಡುಗರು. ಯಾರೂ ಬೇಡ ಎನ್ನಲಿಲ್ಲ.

ಮಾಜಿ ಸೈನಿಕರ ಪರಿಹಾರಕ್ಕೆ ಅರ್ಜಿ ಹಾಕಿದೆವು. ಕಚೇರಿಯ ಆಸಾಮಿ ಒಳ್ಳೆಯವನೇ, ನನಗೆ ಕುರ್ಚಿ ಎಳೆದುಕೊಟ್ಟ. ನೀವು ವಿಯೆಟ್ನಾಂನಲ್ಲಿದ್ದದ್ದು ನಿಜ, ವಿಷ ಮುಟ್ಟಿದ್ದು ನಿಜ, ಕ್ಯಾನ್ಸರ್ ಬಂದದ್ದೂ ನಿಜ, ಆದರೆ ಆ ವಿಷದಿಂದ ಬರುವ ರೋಗಗಳ ಪಟ್ಟಿಯಲ್ಲಿ ಮೂತ್ರಕೋಶ ಇಲ್ಲ ಎಂದ. ಅಪ್ಪ ಪಟ್ಟಿ ಕೈಗೆ ತೆಗೆದುಕೊಂಡು ಪೂರ್ತಿ ಓದಿದ.

"ಹಾಗಾದ್ರೆ ಇದರಲ್ಲಿರೋ ಬೇರೆ ಯಾವ್ದಾದ್ರೂ ಕ್ಯಾನ್ಸರ್ ಬರ್ಲಿ ಅಂತ ಕಾಯ್ಲಾ?" ಎಂದ.

"ಅದಕ್ಕೆ ಬೇರೆ ಅರ್ಜಿ ಹಾಕ್ಬೇಕಾಗುತ್ತೆ ಸರ್," ಎಂದ ಅವನು. ತಮಾಷೆಗಲ್ಲ. ಡ್ರಾಯರ್‌ನಿಂದ ಫಾರಂ ತೆಗೆದೇ ಕೊಟ್ಟ.

ಆಮೇಲೆ ಮೂತ್ರಕೋಶ ತೆಗೆದರು, ಹೊಟ್ಟೆಗೆ ಮೂತ್ರದ ಚೀಲ ಕಟ್ಟಿದರು. ಆಸ್ಪತ್ರೆಯ ಬಿಲ್ಲುಗಳು ಬರತೊಡಗಿದವು. ಮನೆ ಹೋಗುತ್ತದೆ ಎಂದು ವಕೀಲ ಹೆದರಿಸಿದ. ವಿಚ್ಛೇದನ ತೆಗೆದುಕೊಳ್ಳಿ, ಮನೆ ಹೆಂಡತಿಗೆ ಬರಲಿ, ಗಂಡ ಆರ್ವಿಲ್ ಹೆಸರಲ್ಲಿ ಏನೂ ಇಲ್ಲದಿದ್ದರೆ ಸರ್ಕಾರವೇ ಔಷಧಿಗೆ ಕೊಡುತ್ತದೆ ಎಂದ. ನಾನು ಅತ್ತೆ. ಅಪ್ಪ ಸುಮ್ಮನೆ ಸಹಿ ಹಾಕಿದ. ಅದು 2018ರ ಮಾರ್ಚ್. ಕೋರ್ಟಿನಿಂದ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಮನೆಗೆ ಬಂದು ಬೀನ್ಸ್ ಬೇಯಿಸಿಕೊಂಡು ಉಂಡೆವು. ನಿನಗೆ ಹೇಳಬೇಡವೆಂದ. ಹೇಳಲಿಲ್ಲ.

ಈ ವರ್ಷದ ಜನವರಿಯಲ್ಲಿ ಕಾನೂನು ಬದಲಾಯಿತು, ಪಟ್ಟಿಗೆ ಮೂತ್ರಕೋಶವೂ ಸೇರಿತು. ಮತ್ತೆ ಅರ್ಜಿ ಹಾಕಿದೆವು. ಆಗಸ್ಟ್‌ನಲ್ಲಿ ಮಂಜೂರಾಯಿತು. ಅಷ್ಟರಲ್ಲಿ ರೋಗ ಮೂಳೆಗೆ ಇಳಿದಿತ್ತು. ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ, "ಅಂತೂ ಒಪ್ಕೊಂಡ್ರು," ಎಂದ. ಸೆಪ್ಟೆಂಬರ್ 28ಕ್ಕೆ ಹೋದ.

ನೀನು ಬರಲಾಗದ ಆ ಮಣ್ಣಿನ ದಿನ ಇಬ್ಬರು ಸೈನಿಕರು ಬಂದಿದ್ದರು. ಶವಪೆಟ್ಟಿಗೆಗೆ ಹೊದಿಸಿದ್ದ ಬಾವುಟ ಮಡಚಿದರು. ಎಷ್ಟು ಚೆನ್ನಾಗಿ ಮಡಚುತ್ತಾರೆ, ಒಂದು ಸುಕ್ಕಿಲ್ಲ. ಅವರಲ್ಲೊಬ್ಬಳು ಹುಡುಗಿ, ಇಪ್ಪತ್ತೂ ಆಗಿರಲಾರದು, ಹೆಂಡತಿಗೆ ಕೊಡುವ ಆ ಬಾವುಟ ಹಿಡಿದು ನೇರ ನನ್ನ ಕಡೆಗೇ ಬಂದಳು. ನಾನು ಕೈ ಚಾಚಿದೆ. ಡೆಂಜಿಲ್ ಎದ್ದು ಅವಳ ಕಿವಿಯಲ್ಲಿ ಏನೋ ಹೇಳಿ ಮತ್ತೆ ಕೂತ. ಪಾಪ, ಅವಳು ಕೆಂಪಗಾಗಿ ಅವನ ಮುಂದೆ ಮಂಡಿಯೂರಿ ಬಾವುಟ ಕೊಟ್ಟಳು. ನನ್ನ ಕೈ ಇನ್ನೂ ಚಾಚಿಯೇ ಇತ್ತು.

ಆಮೇಲೆ ಚರ್ಚಿನ ಊಟದಲ್ಲಿ ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. ತಟ್ಟೆಗೆ ಆಲೂಗಡ್ಡೆ ಬಡಿಸಿಕೊಳ್ಳುತ್ತಲೇ, "ಕಾಗದದ ಪ್ರಕಾರ ನೀನು ಅವನ ಮನೆ ಓನರ್ರು ಓಲಿಟಾ, ಅಷ್ಟೇ," ಎಂದ. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಬಾವುಟ ಈಗ ಅವನ ಟೀವಿಯ ಮೇಲಿದೆ.

ವಿಧವೆಯ ಪಿಂಚಣಿಗೂ ಅರ್ಜಿ ಹಾಕಿದೆ. ಕಚೇರಿಯ ಹೆಂಗಸು ಫೋನಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು ಕೇಳಿ ಕಂಪ್ಯೂಟರ್ ನೋಡಿದಳು. ಮೃತರಿಗೆ ನೀವೇನಾಗಬೇಕು ಎಂದಳು. ಹೆಂಡತಿ ಎಂದೆ. ಮೆತ್ತಗೆ, ಮತ್ತೊಮ್ಮೆ ಕೇಳಿದಳು. ವಿಚ್ಛೇದನದ ಮಾತು ಹೇಳಿದೆ. ನಿಮ್ಮಿಬ್ಬರಿಗೆ ಮಗಳಿರುವುದರಿಂದ ಒಂದು ವರ್ಷದ ದಾಂಪತ್ಯವಾಗಿರಬೇಕೆಂಬ ನಿಯಮವಿಲ್ಲ, ಸಾಯುವ ಹಿಂದಿನ ದಿನ ಮತ್ತೆ ಮದುವೆಯಾಗಿದ್ದರೂ ಸಾಕಿತ್ತು, ಒಂದು ದಿನ ಸಾಕಿತ್ತು ಮೇಡಂ ಎಂದಳು. ಅವಳೂ ಒಳ್ಳೆಯವಳೇ. ನನಗೆ ಸಿಕ್ಕವರೆಲ್ಲ ಒಳ್ಳೆಯವರು.

ಇದನ್ನೇ ನಿನಗೆ ಫೋನಿನಲ್ಲಿ ಹೇಳಿದ್ದು. ಆಗ ನೀನಂದ ಮಾತು ನಿನಗೆ ನೆನಪಿದೆಯೋ ಇಲ್ಲವೋ. "ಐದು ವರ್ಷ ಪಕ್ಕದಲ್ಲೇ ಇದ್ದೆ, ಅಪ್ಪನ ಹತ್ರ ಒಂದು ಸಹಿ ಹಾಕ್ಸೋಕಾಗ್ಲಿಲ್ವಾ ನಿಂಗೆ? ಅವನು ನಿನಗೋಸ್ಕರ ಏನು ಬೇಕಾದ್ರೂ ಮಾಡ್ತಿದ್ದ." ಕೊನೆಯಲ್ಲಿ ಅವನಿಗೆ ಪ್ರಜ್ಞೆ ಇರಲಿಲ್ಲ, ಹೊತ್ತೂ ಸಿಗಲಿಲ್ಲ ಎಂದೆ. ನೀನು ಫೋನ್ ಇಟ್ಟೆ.

ಹೋಗಲಿ ಬಿಡು. ಮನೆಯಿದೆ, ನನ್ನ ವೃದ್ಧಾಪ್ಯದ ಹಣ ಬರುತ್ತದೆ, ಹೊಟ್ಟೆಗೆ ತೊಂದರೆಯಿಲ್ಲ. ನೀನು ಬೇಗ ಎದ್ದು ಓಡಾಡುವಂತಾಗು. ದೇವರು ನಿನ್ನ ಬೆನ್ನನ್ನೂ ನಿನ್ನ ಮನೆಯನ್ನೂ ನೆಟ್ಟಗಿಡಲಿ.

ನಿನ್ನ ಅಮ್ಮ,
ಓಲಿಟಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಆದರೆ ನನ್ನನ್ನು ದಡ್ಡಿ ಎಂದುಕೊಂಡೇ ನೀನು ಬದುಕುವುದು ನನ್ನಿಂದ ಸಹಿಸಲಾಗದು. ಅಪ್ಪನಿಗೆ ಪ್ರಜ್ಞೆ ಇತ್ತು. ಸಾಯುವುದಕ್ಕೆ ಹನ್ನೊಂದು ದಿನ ಮೊದಲು ಮದುವೆಯ ಕಾಗದಗಳನ್ನೆಲ್ಲ ತಂದಿದ್ದೆ, ಅವನ ಸಹಿಯೊಂದೇ ಬಾಕಿ. ಪಾದ್ರಿ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ನೀಲಿ ಗೌನು ತೊಟ್ಟಿದ್ದೆ. ಪೆನ್ನು ಕೈಗಿಟ್ಟೆ. ಅಪ್ಪ ಅದನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟ. "ನಲವತ್ತೇಳು ವರ್ಷ ನಿನ್ನ ಗಂಡನಾಗಿದ್ದೆ ಓಲಿ," ಎಂದ. "ಯಾರ ಗಂಡನೂ ಆಗದೆ ಸಾಯೋಕೆ ಬಿಡು ನನ್ನ." ಸಿಟ್ಟಿರಲಿಲ್ಲ ರೋಂಡಾ, ಜ್ವರವೂ ಇರಲಿಲ್ಲ. ಆಮೇಲೆ ಚೀಲ ತುಂಬಿದೆ ಎಂದ. ಬದಲಾಯಿಸಿದೆ. ಹೊರಗೆ ಬಂದು ಪಾದ್ರಿಗೆ, ನಿದ್ದೆ ಹತ್ತಿದೆ, ನಾಳೆ ಬನ್ನಿ ಎಂದೆ. ಅವರು ಮರುದಿನವೂ ಬಂದರು. ನಾನು ಅದನ್ನೇ ಹೇಳಿದೆ.