ಹತ್ತೊಂಬತ್ತು ಹಿತ್ತಾಳೆ ಬಿಲ್ಲೆಗಳು

ಕೋಲಾರ
೧೨–೬–೧೯೮೪, ಮಂಗಳವಾರ

ಚಿರಂಜೀವಿ ಭಾರತಮ್ಮನಿಗೆ, ನಿನ್ನ ಡ್ರಾಯಿಂಗ್ ಮೇಷ್ಟರು ಅಶ್ವತ್ಥಪ್ಪ ಮನಸಾರೆ ಹರಸಿ ಬರೆಯುವುದು.

ನಿನ್ನೆ ಬೆಳಿಗ್ಗೆ ನಿನ್ನ ತಾಯಿ ಬೈರಮ್ಮನವರು ಸುಗಟೂರಿನ ಬಸ್ಸಿಳಿದು ನೇರವಾಗಿ ನಮ್ಮ ಮನೆಗೆ ಬಂದರು. ಬೆಂಗಳೂರಿನ ಯಂತ್ರ ತರಬೇತಿ ಕೇಂದ್ರದಿಂದ ನಿನಗೆ ಬಂದಿದ್ದ ಸಂದರ್ಶನದ ಪತ್ರವನ್ನು ನನ್ನ ಮುಂದಿಟ್ಟು, “ತಗೊಳ್ಳಿ ಸಾಮಿ, ಇವಳು ಹೋಗಲ್ಲಂತೆ. ಹತ್ತೊಂಬತ್ತು ಜನದ ಬಿಲ್ಲೆ ಕೆಡಿಸ್ದೋಳು ಅಲ್ಲಿ ಹೋಗಿ ಮಿಷನ್ ಕೆಡಿಸ್ಲಾ ಅಂತಾಳೆ” ಎಂದರು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಕಾಫಿಗೂ ನಿಲ್ಲಲಿಲ್ಲ.

ಸಂದರ್ಶನ ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಅದಕ್ಕೆ ಮೊದಲು ನೀನು ತಿಳಿಯಬೇಕಾದದ್ದು ಒಂದಿದೆ. ಈ ಪತ್ರವನ್ನು ನಿನ್ನ ತಾಯಿಗೂ ಓದಿ ಹೇಳಬೇಕಾದ್ದರಿಂದ, ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಬರೆಯುತ್ತೇನೆ.

ನಮ್ಮೂರಿನಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟಿರುವ ಕದಿರಪ್ಪನವರ ಹಳೆಯ ಲ್ಯಾಂಡ್‌ಮಾಸ್ಟರ್ ಕಾರಿನ ಮೂತಿಯ ಮೇಲಿದ್ದ ಕಂಪನಿಯ ಗುರುತು ಎಂದೋ ಬಿದ್ದುಹೋಗಿತ್ತು. ಅಲ್ಲಿಗೆ ಹೊಸದೊಂದು ಹಿತ್ತಾಳೆಯ ಬಿಲ್ಲೆ ಮಾಡಿಸಬೇಕೆಂದು ಅವರಿಗೆ ಆಸೆ. ಬೆಂಗಳೂರಿನ ಎರಕದವರು ಹದಿನೈದಕ್ಕೆ ಕಡಿಮೆ ಹುಯ್ಯುವುದಿಲ್ಲವೆಂದರು. ಕೋಲಾರದಲ್ಲಿ ಅಂಥ ಕಾರುಗಳಿದ್ದದ್ದು ಐದು. ಕದಿರಪ್ಪನವರು ಕೈಬಿಟ್ಟಾಗ ನೀನು, “ಐದೇ ಇದ್ರೇನ್ ಸಾರ್? ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಇರೋ ಕಾರುಗಳ್ನೂ ಸೇರ್ಸೋಣ” ಎಂದೆ. ಮೂರು ಊರಿಗೂ ಕಾರ್ಡು ಬರೆದು ಹತ್ತೊಂಬತ್ತು ಮಾಲೀಕರನ್ನು ಕೂಡಿಸಿದವಳು ನೀನು. ನಾನು ಹೊಂದಿಸಿಕೊಟ್ಟದ್ದು ಕಾರ್ಡುಗಳನ್ನು ಮಾತ್ರ.

ಬಿಲ್ಲೆಯ ಮೇಲೆ ಏನಿರಬೇಕೆಂಬ ಜಗಳವೂ ನಿನ್ನಿಂದಲೇ ತೀರಿತು. ಮಾಲೂರಿನವರು ಹೆಂಚು ಬೇಕೆಂದರು, ಮುಳಬಾಗಿಲಿನವರು ಬೆಟ್ಟ ಬೇಕೆಂದರು. ಶ್ರೀನಿವಾಸಪುರದ ಗಂಗುಲಪ್ಪನವರಂತೂ, “ನಮ್ ಮಾವಿನಕಾಯಿ ಇಲ್ದಿದ್ರೆ ನಮ್ ಆರ್ ಕಾರೂ ಇಲ್ಲ, ತಿಳ್ಕೊಳ್ಳಿ” ಎಂದು ಎದ್ದೇಬಿಟ್ಟರು. ಹೆಂಚಿನ ಆಕಾರದ ಚೌಕಟ್ಟಿನೊಳಗೆ ಬೆಟ್ಟ, ಬೆಟ್ಟದ ಮುಂದೆ ಮಾವು, ಕೆಳಗೆ ಕೋಲಾರವೆಂಬ ಹೆಸರು – ನೀನು ಬರೆದು ತೋರಿಸಿದಾಗ ಗಂಗುಲಪ್ಪನವರು ಒಂದೇ ಒಂದು ತಕರಾರು ತೆಗೆದರು: ಕಾಯಿ ಇನ್ನಷ್ಟು ದಪ್ಪವಿರಲಿ ಎಂದು.

ಇನ್ನು ಹೇಳಬೇಕಾದ ವಿಷಯ. ಕಳೆದ ತಿಂಗಳು ಕದಿರಪ್ಪನವರ ಶೆಡ್ಡಿನಲ್ಲಿ ಪಾರ್ಸೆಲ್ ಬಿಚ್ಚಿ ಮೊದಲನೆಯ ಬಿಲ್ಲೆಯನ್ನು ಕಾರಿನ ಮೂತಿಯ ಮೇಲಿಟ್ಟರು. ಅದು ನಡುವೆ ಮಾತ್ರ ತಾಗಿತು; ಎರಡೂ ಅಂಚುಗಳು ಎದ್ದು ನಿಂತವು. ಮೂತಿ ಬಾಗಿತ್ತು, ಬಿಲ್ಲೆಯ ಬೆನ್ನು ನೆಟ್ಟಗಿತ್ತು. ಗಂಗುಲಪ್ಪನವರು ಬೆರಳಿನಿಂದ ಒತ್ತಿ ನೋಡಿ, “ಏನಮ್ಮಾ ಪಾಪ, ಇದು ಬಿಲ್ಲೆನಾ, ತಕ್ಕಡಿನಾ?” ಎಂದರು. ಹಿಂದಿನಿಂದ ಯಾರೋ, “ಹೆಣ್ ಹುಡ್ಗಿ ಕೈಗೆ ಕೊಟ್ರೆ ಇನ್ನೇನಾಗ್ತದೆ” ಎಂದರು. ನೀನು ನನ್ನ ಕಡೆ ತಿರುಗಿ, “ನಾನೇ ಸರಿಯಾಗಿ ಬಗ್ಸಿ ಬರೀಲಿಲ್ವೇನೋ ಸಾರ್” ಎಂದೆ. ನಾನು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ.

ಅಂದು ನನಗೆ ಕಾರಣ ಹೊಳೆದಿರಲಿಲ್ಲವೆಂದು ಬರೆಯುವ ಮನಸ್ಸಿತ್ತು. ಅದು ಸುಳ್ಳಾಗುತ್ತದೆ. ಬಿಲ್ಲೆ ಅಲುಗಾಡಿದ ಕ್ಷಣವೇ ಕಾರಣ ನನಗೆ ಗೊತ್ತಾಯಿತು.

ನೀನು ಕೊಟ್ಟ ನಕ್ಷೆಯಲ್ಲಿ, ಪಕ್ಕದಿಂದ ನೋಡಿದ ಚಿತ್ರದಲ್ಲಿ, ಬಿಲ್ಲೆಯ ಬೆನ್ನಿನ ಗೆರೆ ಕೊಂಚ ಬಾಗಿತ್ತು. ಅದನ್ನು ನಾನು ನಿನ್ನ ಕೈ ಜಾರಿದ್ದೆಂದು ಎಣಿಸಿದೆ. ಮೂವತ್ತೊಂದು ವರ್ಷ ಮಕ್ಕಳ ಗೆರೆ ತಿದ್ದಿದವನಿಗೆ ನಿನ್ನನ್ನೊಮ್ಮೆ ಕೇಳಬೇಕೆಂದು ತೋಚಲಿಲ್ಲ. ಸ್ಕೇಲಿಟ್ಟು, ಮಸಿಯಿಂದ ನೆಟ್ಟಗೆ ಎಳೆದು, ನಿನಗೆ ತೋರಿಸದೆ ರಿಜಿಸ್ಟರ್ ಟಪ್ಪಾಲಿನಲ್ಲಿ ಕಳುಹಿಸಿದೆ. ಎರಕದವರು ನಕ್ಷೆಯಲ್ಲಿದ್ದಂತೆಯೇ ಮಾಡಿದರು. ತಪ್ಪು ಅವರದೂ ಅಲ್ಲ.

ನಿನ್ನೆ ನಿನ್ನ ತಾಯಿ ಹೋದ ಮೇಲೆ ಕದಿರಪ್ಪನವರ ಶೆಡ್ಡಿಗೆ ಹೋದೆ. ಗಂಗುಲಪ್ಪನವರೂ ಗಾಡಿಯ ಬ್ರೇಕು ತೋರಿಸಲು ಬಂದಿದ್ದರು. ಇಬ್ಬರ ಮುಂದೆಯೂ ನಡೆದದ್ದನ್ನು ಹೇಳಿದೆ. ನೀನು ಆ ಬಾಗನ್ನು ಹೇಗೆ ಅಳೆದೆಯೆಂಬುದು ಆಗ ಕದಿರಪ್ಪನವರಿಂದ ತಿಳಿಯಿತು. ಕಲಸಿದ ರಾಗಿ ಹಿಟ್ಟನ್ನು ಡಬ್ಬಿಯಲ್ಲಿ ತಂದು, ಕಾರಿನ ಮೂತಿಗೆ ಒತ್ತಿ, ಅದರ ಅಚ್ಚನ್ನು ಕಾಗದದ ಮೇಲೆ ಇಳಿಸಿಕೊಂಡೆಯಂತೆ. “ನನ್ ಗಾಡಿಗೂ ಮುದ್ದೆ ಉಣ್ಸ್ತೀಯೇನಮ್ಮಾ ಅಂತ ನಕ್ಕಿದ್ದೆ ಮೇಷ್ಟ್ರೇ” ಎಂದರು ಅವರು. ಅಂಥ ಉಪಾಯವನ್ನು ನಾನು ನಿನಗೆ ಕಲಿಸಿರಲಿಲ್ಲ. ನನಗೇ ಅದು ಗೊತ್ತಿರಲಿಲ್ಲ.

ಗಂಗುಲಪ್ಪನವರು, “ಹಂಗಾದ್ರೆ ಈ ಸಲ ಫೇಲಾಗಿದ್ದು ನೀವು. ಆ ಪಾಪನ್ನ ಯಾಕ್ ಸಾಮಿ ಒಂದ್ ತಿಂಗ್ಳು ಬೆಂಚಿನ್ ಮೇಲೆ ನಿಲ್ಸಿದ್ರಿ?” ಎಂದು ಕೇಳಿದರು. ಹೊರಡುವಾಗ ಅವರೇ, “ಆಕೆಗೆ ಹೇಳಿ, ತಕ್ಕಡಿ ಅಂದಿದ್ದು ವಾಪಸ್ ತಗೊಂಡೆ ಅಂತ. ಆದ್ರೆ ಮಾವಿನಕಾಯಿ ಇನ್ನೂ ಸಣ್ಣಕ್ಕೇ ಐತೆ” ಎಂದರು.

ಉಳಿದ ಹದಿನೇಳು ಮಂದಿಗೂ ಇದೇ ವಿಷಯ ತಿಳಿಸುವ ಕಾರ್ಡುಗಳು ಇಂದು ಟಪ್ಪಾಲಿಗೆ ಹೋಗುತ್ತವೆ. ಅದೇ ಹಿತ್ತಾಳೆಯನ್ನು ಕರಗಿಸಿ, ನಿನ್ನ ನಕ್ಷೆಯಂತೆ ಮತ್ತೆ ಹುಯ್ಯಲು ಎರಕದವರು ಒಪ್ಪಿದರೆ, ಆ ಕೂಲಿಯ ಖರ್ಚು ನನ್ನದು.

ನೀನು ಸೋಮವಾರ ಹೋಗಬೇಕೆಂದು ಅಪ್ಪಣೆ ಮಾಡುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ. ಮೇಷ್ಟರಾಗಿ ಒಂದು ಮಾತನ್ನಷ್ಟೇ ಹೇಳಬಲ್ಲೆ: ನಾನು ಕಂಡ ವಿದ್ಯಾರ್ಥಿಗಳಲ್ಲಿ, ಬರೆಯುವ ಮೊದಲು ವಸ್ತುವನ್ನು ಮುಟ್ಟಿ ನೋಡಿದವಳು ನೀನೊಬ್ಬಳೇ. ಆ ಕೇಂದ್ರದವರು ಹುಡುಕುತ್ತಿರುವುದು ಅಂಥವರನ್ನು ಎಂದು ನನ್ನ ನಂಬಿಕೆ. ಸೋಮವಾರ ಬೆಂಗಳೂರಿನ ಬಸ್ಸು ಹೊರಡುವ ಮುನ್ನ ಕೋಲಾರದ ನಿಲ್ದಾಣದಲ್ಲಿ ಇರುತ್ತೇನೆ. ನೀನು ನನ್ನೊಡನೆ ಮಾತನಾಡದಿದ್ದರೂ ಸರಿಯೇ, ಬಸ್ಸು ಹತ್ತಿದರೆ ಸಾಕು.

ಇಂತು ನಿನ್ನ ಹಿತವನ್ನು ಬಯಸುವ,
ಅಶ್ವತ್ಥಪ್ಪ

ಮರೆತ ಮಾತು: ಅಲ್ಲ, ಮರೆತದ್ದಲ್ಲ, ಬರೆಸಲು ಹಿಂಜರಿದದ್ದು. ಈ ಅಕ್ಷರ ನನ್ನದಲ್ಲವೆಂದು ನೀನು ಗುರುತಿಸಿರಬಹುದು. ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ವೆಂಕಟರತ್ನಮ್ಮ ಬರೆಯುತ್ತಿದ್ದಾಳೆ. ಮೇಲಿನ ಹೆಸರನ್ನೂ ಅವಳೇ ಬರೆದಳು. ಒಂದೂವರೆ ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ. ಅವಳ ಹೊರತು ಯಾರಿಗೂ ಹೇಳಿಲ್ಲ. ಎಲ್ಲರ ಗೆರೆಯಲ್ಲಿಯೂ ನನಗೆ ನಡುಕವೇ ಕಾಣುತ್ತಿದ್ದ ದಿನಗಳಲ್ಲಿ ನಿನ್ನ ನಕ್ಷೆ ನನ್ನ ಕೈಗೆ ಬಂತು. ಡ್ರಾಯಿಂಗ್ ಕಲಿಸಿದವರ ಪ್ರಮಾಣಪತ್ರ ತರಬೇಕೆಂದು ಸಂದರ್ಶನದ ಪತ್ರದಲ್ಲಿದೆ; ಆ ಪತ್ರವನ್ನೂ ಪ್ರಮಾಣಪತ್ರವನ್ನೂ ಇದರೊಂದಿಗೆ ಇಟ್ಟಿದ್ದೇನೆ. ಪ್ರಮಾಣಪತ್ರಕ್ಕೆ ಮಾತ್ರ ನಾನೇ ಸಹಿ ಹಾಕಿದ್ದೇನೆ, ಸ್ಕೇಲಿಲ್ಲದೆ.