ರೆಕ್ಕೆ ಮಡಚುವ ಪಟ್ಟು

ಜೂನ್ 3, ಮಂಗಳವಾರ. ಮಧ್ಯಾಹ್ನ ಎರಡು ಗಂಟೆ

ಮೂವತ್ತೆರಡು ಕೋಳಿ. ಕೋಳಿ ಕಡಿಯುವ ಕೊರಡು ತೊಳೆದದ್ದಾಯಿತು. ಸಿಟ್ಟು: ಐದು ಸಲ. ದಿನಕ್ಕೆ ಎಷ್ಟು ಸಲ ಬಂತು, ಯಾರ ಮೇಲೆ ಬಂತು ಎಂದು ಬರೆದಿಡಬೇಕಂತೆ, ಬಿಪಿ ಡಾಕ್ಟರ ಅಪ್ಪಣೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅರವತ್ತಾರರಲ್ಲಿ ಹೋಮ್‌ವರ್ಕ್. ಮೂರು ಸಲ ಗಿರಾಕಿಗಳ ಮೇಲೆ. ಒಂದು ಸಲ ಫ್ರೀಜರ್ ಮೇಲೆ. ಒಂದು ಸಲ ಮೊಮ್ಮಗಳ ಸೀರಿಯಲ್ ಮೇಲೆ.

ಶನಿವಾರ ಮಗ ಅವಳನ್ನು ತಂದು ಬಿಟ್ಟು ಹೋದ. ಎಡಗೈಗೆ ಪ್ಲಾಸ್ಟರ್. ಮೆಟ್ಟಿಲಿಂದ ಬಿದ್ದಳಂತೆ. ಸೊಸೆ ಸತ್ತು ಎರಡು ವರ್ಷ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಬಿಚ್ಚುವ ತನಕ ಇಲ್ಲೇ. ಅಂಗಡಿ ಹಿಂದಿನ ಕೋಣೆಯಲ್ಲಿ ಟಿವಿ ಮುಂದೆ ಕೂತರೆ ಏಳುವುದಿಲ್ಲ.

"ಏ ಮೋಟು, ಈ ವಯಸ್ಸಲ್ಲಿ ಇನ್ನೂ ಕಾರ್ಟೂನಾ?"

"ಕಾರ್ಟೂನ್ ಅಲ್ಲ ಅಜ್ಜಿ. ಅನಿಮೆ, ಜಪಾನಿಂದು. ಸರ್ವೈವಲ್ ಗೇಮ್."

ಹನ್ನೆರಡು ಮಹಡಿಯ ಕಟ್ಟಡ. ಒಳಗೆ ಇಪ್ಪತ್ತನಾಲ್ಕು ಜನ. ಬೆಳಿಗ್ಗೆ ಸೈರನ್ ಆಗುತ್ತದೆ, ಲಿಫ್ಟ್ ಒಂದು ಮಹಡಿಯಲ್ಲಿ ನಿಲ್ಲುತ್ತದೆ. ಅಲ್ಲಿರುವವರಲ್ಲಿ ಒಬ್ಬರು ಸಂಜೆಯೊಳಗೆ ಸಾಯಬೇಕು. ಇಲ್ಲದಿದ್ದರೆ ಅಲ್ಲಿದ್ದವರೆಲ್ಲ ಸಾಯುತ್ತಾರೆ. ಕೊಡಲಿ, ಸುತ್ತಿಗೆ, ಕತ್ತಿ — ಒಂದೊಂದು ಅಡುಗೆಮನೆಯಲ್ಲಿ ಒಂದೊಂದು. ಬಿಳಿಕೂದಲ ಹುಡುಗಿ ಒಬ್ಬಳಿಗೆ ಸಿಕ್ಕಿದ್ದು ಪಾತ್ರೆಯ ಮುಚ್ಚಳ.

"ಹನ್ನೊಂದು ವರ್ಷದವಳು ನೋಡೋದಾ ಇದನ್ನ?"

"ಬೆಳಿಗ್ಗೆಯಿಂದ ಮೂವತ್ತೆರಡು ಕುತ್ತಿಗೆ ಕೊಯ್ದಿದೀಯ. ಇಲ್ಲಿನ್ನೂ ಇಬ್ರೇ ಸತ್ತಿರೋದು."

ಬೈಯಲು ಹೋಗಿ ನಕ್ಕೆ.

ಜೂನ್ 5, ಗುರುವಾರ

ನಾಲ್ಕು ಎಪಿಸೋಡ್ ನೋಡಿದೆ. ಮೋಟು ಜೊತೆ ಜಗಳವಾಡುತ್ತಲೇ.

ದೋಷ ಒಂದಲ್ಲ ಎರಡಲ್ಲ. ರಕ್ತ ನಲ್ಲಿ ನೀರಿನ ಹಾಗೆ ಚಿಮ್ಮುತ್ತದೆ, ಒಬ್ಬರ ಕೈಗೂ ಅಂಟುವುದಿಲ್ಲ. ರಕ್ತ ಆರಿದರೆ ಗೋಂದು. ಹಸಿ ಇದ್ದರೆ ಹಿಡಿ ಜಾರುತ್ತದೆ. ಒಬ್ಬನೂ ಕೈ ಒರೆಸುವುದಿಲ್ಲ. ಕತ್ತಿ ಎಲುಬಿಗೆ ಬಡಿದರೆ ಮಣಿಕಟ್ಟು ಜುಮ್ಮೆನ್ನುತ್ತದೆ, ಇವರಿಗೆ ಬೆಣ್ಣೆ ಕೊಯ್ದ ಹಾಗೆ. ಕುತ್ತಿಗೆ ಹೋದ ಮೇಲೂ ಎರಡು ನಿಮಿಷ ಭಾಷಣ. ಗಾಳಿ ಕೊಳವೆ ತುಂಡಾದವನಿಗೆ ಮಾತೆಲ್ಲಿಂದ ಬಂತು? ಇನ್ನೊಂದು — ಕೊಲ್ಲುವವರೆಲ್ಲ ಆಕಾಶದಿಂದ ಉದುರಿದ ಹಾಗಿದ್ದಾರೆ. ಎಲ್ಲಿ ಕಲಿತರು, ಯಾರು ಕಲಿಸಿದರು, ಹಿಂದು ಮುಂದಿಲ್ಲ.

ಒಂದು ಮಾತ್ರ ಒಪ್ಪಬೇಕು. ಲಿಫ್ಟಿನ ಸದ್ದು ಕೇಳಿದ ಕೂಡಲೇ ಎಲ್ಲರೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಕಿರುಚುವುದಿಲ್ಲ, ಓಡುವುದಿಲ್ಲ. ಪಂಜರಕ್ಕೆ ಕೈ ಹಾಕಿದಾಗ ಕೋಳಿಗಳು ಮಾಡುವುದೂ ಅಷ್ಟೇ. ಆ ಅರ್ಧ ಹೆಜ್ಜೆ ಬರೆದವನು ಎಲ್ಲೋ ಕೋಳಿ ಅಂಗಡಿ ಮುಂದೆ ನಿಂತಿದ್ದಾನೆ.

ಸಿಟ್ಟು: ಎರಡು.

ಜೂನ್ 9, ಸೋಮವಾರ

ಸೀರಿಯಲ್ಲಿಗೆ ಕನ್ನಡಕದವನು ಒಬ್ಬ ಬಂದಿದ್ದಾನೆ. ನಗುತ್ತ ಕೊಲ್ಲುತ್ತಾನೆ. ಮೊದಲು ಕೈ ತಿರುಚಿ ಬೆನ್ನ ಹಿಂದೆ ತರುತ್ತಾನೆ, ಆಮೇಲೆ ಕತ್ತಿ.

ತಲೆ ಉರುಳಿದರೂ ಬಿಸ್ಕತ್ತು ತಿನ್ನುವ ಮೋಟು ಅಲ್ಲಿ ಮಾತ್ರ ಸೌಂಡ್ ಆಫ್ ಮಾಡಿ ಗೋಡೆ ನೋಡಿದಳು.

"ಇವನಿಗೆ ಪಟ್ಟು ಗೊತ್ತು," ಎಂದೆ. ತೋರಿಸಿಯೂ ಕೊಟ್ಟೆ. ಎರಡು ರೆಕ್ಕೆ ಬೆನ್ನ ಮೇಲೆ ತಂದು ಒಂದರೊಳಗೊಂದು ಸಿಕ್ಕಿಸಿದರೆ ಕೋಳಿ ಗೊಂಬೆ. ನನ್ನ ಮಾವ ಕಲಿಸಿದ್ದು. "ನೋವೇ ಆಗಲ್ಲ."

"ಕೋಳಿ ಹೇಳ್ತಾ?"

ಎಷ್ಟು ಬಾಯಿ ಇದಕ್ಕೆ.

ಜೂನ್ 10, ಮಂಗಳವಾರ

ಮೂಳೆ ಕೂಡುತ್ತಿದೆಯಾ ನೋಡಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

ಎಕ್ಸ್‌ರೇ ಓದಲು ಬಾರದಿದ್ದರೂ ಎಲುಬು ಗೊತ್ತು. ಬಿದ್ದು ಮುರಿದದ್ದು ಅಡ್ಡಕ್ಕೆ ಮುರಿಯುತ್ತದೆ. ಇದು ಹಸಿ ಕಡ್ಡಿ ತಿರುಚಿದ ಹಾಗೆ ಸುತ್ತಿಕೊಂಡು ಸೀಳಿದೆ. ಅವಸರದಲ್ಲಿ ರೆಕ್ಕೆ ಮಡಚಿದಾಗ ಹೀಗೆ ಆದದ್ದನ್ನು ಸಾವಿರ ಸಲ ಕಂಡಿದ್ದೇನೆ.

"ಮೆಟ್ಟಿಲಿಂದ ಬಿದ್ಲಾ?" ಡಾಕ್ಟರಮ್ಮ ಕೇಳಿದ್ದು ನನ್ನನ್ನು.

ಹೌದು ಎಂದೆ. ಮೋಟು ಚಪ್ಪಲಿ ನೋಡುತ್ತಿದ್ದಳು.

ಸಿಟ್ಟು ಎಣಿಸಲಿಲ್ಲ.

ಜೂನ್ 21, ಶನಿವಾರ

ಹನ್ನೊಂದು ದಿನ ಬರೆಯಲಿಲ್ಲ. ಕೇಳಲೂ ಇಲ್ಲ. ಇವತ್ತು ಕೇಳಿದೆ. ಪ್ಲಾಸ್ಟರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿ ತಲೆಗೆ ನೀರು ಹಾಕುತ್ತಿದ್ದೆ.

"ತಿರುಚಿದ್ದು ಯಾರು?"

ಕಣ್ಣಿನ ಮೇಲಿನ ನೀರು ಒರೆಸಿಕೊಂಡಳು. "ಅಪ್ಪ ಫೋನ್ ಕೇಳಿದ್ರು. ಕೊಡಲ್ಲ ಅಂದೆ... ನಾ ಹೇಳಿದೆ ಅನ್ಬೇಡ ಅಜ್ಜಿ."

ಹೇಗೆ ಎಂದು ಕೇಳಿದೆ. ಸರಿ ಇರುವ ಕೈಯಿಂದ ನನ್ನ ಕೈ ಹಿಡಿದು ತೋರಿಸಿದಳು. ಬೆನ್ನ ಹಿಂದೆ. ಮೊಣಕೈ ಗುಳಿಯಲ್ಲಿ ಹೆಬ್ಬೆರಳು. ಆಮೇಲೆ ಮೇಲಕ್ಕೆ.

ಚೊಂಬು ಕೈ ಜಾರಿತು.

ಆ ಹೆಬ್ಬೆರಳು ನನ್ನದು. ಮಾವ ಕಲಿಸಿದ್ದರಲ್ಲಿ ಅದಿರಲಿಲ್ಲ, ನಾನು ಸೇರಿಸಿದ್ದು. ಮಗನಿಗೆ ಆಗ ಒಂಬತ್ತು ವರ್ಷ. ಪಂಜರದ ಬಾಗಿಲು ತೆಗೆದು ನಲವತ್ತು ಕೋಳಿ ಬೀದಿಗೆ ಬಿಟ್ಟಿದ್ದ. ಹಿಡಿದು ತಿರುಚಿದೆ. ಕೂಗು ನಿಲ್ಲುವವರೆಗೂ ಬಿಡಲಿಲ್ಲ. ಅದಾದ ಮೇಲೆ ಎಷ್ಟು ಸಲವೋ... ಬರೆದಿಡಿ ಎಂದು ಆಗ ಯಾವ ಡಾಕ್ಟರೂ ಹೇಳಲಿಲ್ಲ.

ಜೂನ್ 22, ಭಾನುವಾರ

ಒಂಬತ್ತನೇ ಎಪಿಸೋಡ್. ಕನ್ನಡಕದವನ ಬಾಲ್ಯ. ಒಂದು ಅಡುಗೆಮನೆ, ಒಬ್ಬಳು ತಾಯಿ, ಅವಳ ಕೈ. ಮುಖ ತೋರಿಸುವುದಿಲ್ಲ, ಕೈ ಮಾತ್ರ.

ಟೀ ಲೋಟ ಟಿವಿಗೆ ಎಸೆದೆ. ಮೂಲೆ ಒಡೆದಿದೆ, ಚಿತ್ರ ಬರುತ್ತದೆ.

"ಕೊಂದವನು ಅವನು. ಅವಳನ್ನ ಯಾಕೆ ಎಳೀತಾರೆ ಮಧ್ಯಕ್ಕೆ? ಕತೆ ಕೆಟ್ಟಿದ್ದೇ ಇಲ್ಲಿ."

"ಹಿಂದು ಮುಂದಿಲ್ಲ ಅಂತ ಅವತ್ತು ನೀನೇ ಬೈದಿದ್ದೆ," ಎಂದಳು. ಬಾಗಿಲ ಹತ್ತಿರ ನಿಂತು ಎಂದಳು.

ಜೂನ್ 25, ಬುಧವಾರ. ಮೂರು ಗಂಟೆ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹನ್ನೊಂದಕ್ಕೆ ಮಗ ಬಂದ. ಗಿರಾಕಿಗಳಿರಲಿಲ್ಲ. "ಪ್ಲಾಸ್ಟರ್ ನಮ್ಮನೆ ಹತ್ರಾನೇ ಬಿಚ್ಚಿಸ್ತೀನಿ. ನಡಿಯೇ." ಒಳಗೆ ಹೋಗಿ ಅವಳ ಸರಿ ಇರುವ ಕೈ ಹಿಡಿದು ಎಳೆದುಕೊಂಡು ಬಂದ. ಅವಳು ಕೂಗಲಿಲ್ಲ. ಕೂಗದೇ ಇದ್ದದ್ದು ಕಂಡು ನನಗೆ ತಲೆ ಕೆಟ್ಟಿತು.

ಮಚ್ಚಿನ ಬೆನ್ನಿಂದ ಮಣಿಕಟ್ಟಿಗೆ ಹೊಡೆದೆ. ಬಿಟ್ಟ. ಭುಜಕ್ಕೆ ಹೊಡೆದೆ. ಪಂಜರದ ಮೇಲೆ ಬಿದ್ದ, ತಂತಿಗೆ ಸಿಕ್ಕಿ ಕಿವಿ ಹರಿಯಿತು. ಪುಕ್ಕ, ರಕ್ತ, ಕೋಳಿಗಳ ಗಲಾಟೆ. ಮೂರನೇ ಸಲ ಎತ್ತಿದಾಗ ಅಲಗು ಅವನ ಕಡೆಗಿತ್ತು. ನಾನು ತಿರುಗಿಸಿದ್ದು ನೆನಪಿಲ್ಲ. ಕೊರಡಿಗೆ ಬಡಿಯಿತು, ಅವನ ಕಿವಿಯಿಂದ ನಾಲ್ಕು ಬೆರಳು ಆಚೆ.

ಆಮೇಲೆ ನೋಡಿದರೆ ಅವನ ಮುಖ ಹಸಿ ಕೊರಡಿನ ಮೇಲೆ ಒತ್ತಿದೆ. ಕೈ ಬೆನ್ನ ಹಿಂದಿದೆ. ಹಿಡಿದವಳು ನಾನು. ಅರೆಬರೆ ಬೆಳೆದ ಗಡ್ಡದೊಳಗೆ ಅವನು ನಗುತ್ತಿದ್ದ.

"ಹೆಬ್ಬೆರಳು ಇನ್ನೂ ಅಲ್ಲಿಗೇ ಹೋಗುತ್ತೆ ನೋಡಮ್ಮ."

ಬಿಟ್ಟೆ. "ಭಾನುವಾರ ಬರ್ತೀನಿ, ಅವಳನ್ನ ರೆಡಿ ಮಾಡಿಡು," ಎಂದು ಕಿವಿ ಹಿಡಿದುಕೊಂಡು ಹೋದ.

ಮೋಟು ಫ್ರೀಜರ್ ಮತ್ತು ಗೋಡೆ ನಡುವೆ ನಿಂತಿದ್ದಳು. ಬಾ ಎಂದು ಕೈ ಚಾಚಿದೆ. ರಕ್ತದ ಕೈ.

ಅರ್ಧ ಹೆಜ್ಜೆ ಹಿಂದೆ ಸರಿದಳು.

ಜೂನ್ 27, ಶುಕ್ರವಾರ

ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಮೆಟ್ಟಿಲು ಸುಳ್ಳು ಎಂದೆ. ಅವನು ಮಾಡಿದ್ದು, ನಾನು ಕಲಿಸಿದ್ದು, ಬುಧವಾರದ್ದು. ಬರೆದುಕೊಂಡರು. ಸಹಿ ಹಾಕಿದೆ. ಸೋಮವಾರ ಹತ್ತು ಗಂಟೆಗೆ ಮಕ್ಕಳ ರಕ್ಷಣೆ ಆಫೀಸಿನ ಮೇಡಂ ಅಂಗಡಿಗೇ ಬರುತ್ತಾರಂತೆ.

"ನಿಮ್ಮ ಹತ್ರಾನೂ ಬಿಡದೇ ಇರಬಹುದು ಅಜ್ಜಿ," ಎಂದರು. "ಕೈ ಮಾಡೋ ಮನೆ ಅಂತ ಬರ್ಕೋತಾರೆ."

"ಬರ್ಕೊಳ್ಳಲಿ. ಅವನ ಹತ್ರ ಮಾತ್ರ ಬಿಡಬೇಡಿ."

ಹೇಳಿ ಬಂದೆ. ಆದರೆ ನನ್ನ ಹತ್ತಿರವೇ ಬಿಡಲಿ.

ಜೂನ್ 29, ಭಾನುವಾರ. ಮೂರು ಗಂಟೆ

ಭಾನುವಾರ ಅಂಗಡಿ ಮುಚ್ಚಿದ್ದು ಇದೇ ಮೊದಲು. ಮಚ್ಚು, ಎರಡು ಕತ್ತಿ, ಸಣ್ಣ ಚೂರಿ — ನಾಲ್ಕನ್ನೂ ಬೆಳಿಗ್ಗೆಯೇ ಸಾಣೆಯವನಿಗೆ ಕೊಟ್ಟೆ. "ಮೊನ್ನೆ ತಾನೇ ಹಿಡಿದು ಕೊಟ್ನಲ್ಲ," ಎಂದ. ನಾಳೆ ಸಂಜೆಗೆ ಮುಂಚೆ ತಂದರೆ ಕಾಲು ಮುರಿಯುತ್ತೇನೆ ಎಂದೆ. ಸಿಟ್ಟು: ಒಂದು.

ಕೊನೆಯ ಎಪಿಸೋಡ್. ಉಳಿದವರು ಇಬ್ಬರು. ಕನ್ನಡಕದವನು ಕೊಡಲಿ ಹಿಡಿದು ಬರುತ್ತಿದ್ದಾನೆ. ಬಿಳಿಕೂದಲ ಹುಡುಗಿ ಮುಚ್ಚಳವನ್ನು ಲಿಫ್ಟಿನ ಬಾಗಿಲಿಗೆ ಅಡ್ಡ ಇಟ್ಟು ಹೊಸ್ತಿಲ ಮೇಲೆ ಕೂತಳು. ಬಾಗಿಲು ಮುಚ್ಚಲಿಲ್ಲ. ಲಿಫ್ಟ್ ಹೊರಡಲಿಲ್ಲ. ಸೈರನ್ ಆಗಲಿಲ್ಲ. ಮುಗಿಯಿತು.

"ಇಷ್ಟಕ್ಕೆ ಇಪ್ಪತ್ತೆರಡು ಹೆಣ ಬೀಳಬೇಕಿತ್ತಾ? ಮೊದಲನೇ ದಿನವೇ ಹೊಳೀಲಿಲ್ವಾ ಅವಳಿಗೆ?"

"ಹೊಳೆದಿತ್ತೇನೋ. ಕೂರೋಕೆ ಹೆದರಿಕೆ ಆಗಿರುತ್ತೆ."

ಒಪ್ಪಿದೆ. ಒಂಬತ್ತನೇ ಎಪಿಸೋಡಿನ ಮಾತನ್ನೂ ವಾಪಸ್ ತೆಗೆದುಕೊಂಡೆ. ಆ ಕೈ ತೋರಿಸದಿದ್ದರೆ ಕತೆ ಸುಳ್ಳಾಗುತ್ತಿತ್ತು.

"ಅಜ್ಜಿ. ನೀನು ಮತ್ತೆ ಹಂಗೆ ಮಾಡ್ತೀಯಾ?"

"ಗೊತ್ತಿಲ್ಲ ಕಣೇ."

ಕತ್ತಿ ತೂಗುಹಾಕುವ ಖಾಲಿ ಮೊಳೆಗಳನ್ನು ನೋಡಿದಳು. ಆಮೇಲೆ ಬಿಸ್ಕತ್ತು ಮುರಿದು ಅರ್ಧ ನನ್ನ ಕಡೆ ತಳ್ಳಿದಳು. ಕೈಗೆ ಕೊಡಲಿಲ್ಲ. ತಳ್ಳಿದಳು.

ನಾಲ್ಕು ಗಂಟೆ ಹತ್ತು ನಿಮಿಷ

ಬಂದಿದ್ದಾನೆ. ಶಟರ್ ಒದೆಯುತ್ತಿದ್ದಾನೆ. "ಅಮ್ಮ, ತೆಗಿ. ಇಲ್ಲಾಂದ್ರೆ ಮುರೀತೀನಿ."

ಮೋಟು ಹಿಂದಿನ ಕೋಣೆಯಲ್ಲಿ. ಒಳಗಿಂದ ಚಿಲಕ ಹಾಕಿಸಿದ್ದೇನೆ. ಡಾಕ್ಟರಮ್ಮನಿಗೆ ಫೋನ್ ಮಾಡುತ್ತಿದ್ದಾಳೆ, ದನಿ ಕೇಳುತ್ತಿದೆ. ಅವರು ಬರುವ ತನಕ ಆ ಬಾಗಿಲ ಹೊಸ್ತಿಲ ಮೇಲೆ ನಾನು. ಹೊಡೆದರೆ ಹೊಡೆಯಲಿ. ನನ್ನ ಕೈ ಹೊಡೆಯಲು ಮುಂದೆ ಬಂದರೆ ನಾಳೆ ಹತ್ತು ಗಂಟೆಗೆ ಆಫೀಸಿನ ಮೇಡಂ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬಾಗಿಲ ಸಂದಿಯಿಂದ ಅವಳು ನೋಡುತ್ತಿರುತ್ತಾಳೆ.

ಶಟರಿನ ಒಂದು ಪಟ್ಟಿ ಕಿತ್ತು ಬಂತು.

ಸಿಟ್ಟು: ಬಂದಿದೆ. ತಲೆಯವರೆಗೂ ಬಂದಿದೆ. ಎರಡೂ ಕೈ ಬೆನ್ನ ಹಿಂದೆ ತಂದು ಒಂದರೊಳಗೊಂದು ಸಿಕ್ಕಿಸಿಕೊಳ್ಳಬೇಕು, ಪೆನ್ನು ಇಟ್ಟು