ಕಣ್ಣು ಬಿಡಿಸಿದ ಪಟ

ಲಷ್ಕರ್ ಮೊಹಲ್ಲಾ, ಮೈಸೂರು
೯–೧೨–೧೯೫೩

ಊಟಿಯ ಚಳಿಯಲ್ಲಿರುವ ನನ್ನ ಯಜಮಾನರಿಗೆ ನಮಸ್ಕಾರ.

ಕೆಮ್ಮು ಹೇಗಿದೆ? ಕಳಿಸಿದ ಉಣ್ಣೆ ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತೀರೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತೀರೋ? ಗಾಲ್ಫ್ ಆಡುವ ದೊರೆಗಳ ಕೋಲುಚೀಲ ಹೊರುವುದು ಸಾಲದೆಂದು, ಕೊಳಕ್ಕೆ ಬಿದ್ದ ಚೆಂಡನ್ನೂ ನೀವೇ ಇಳಿದು ತೆಗೆಯುತ್ತೀರೆಂದು ಬರೆದಿದ್ದಿರಿ. ಓದಿ ಮೈಯೆಲ್ಲ ಉರಿಯಿತು. ಆ ಚೆಂಡಿಗಿರುವ ಬೆಲೆ ನಿಮ್ಮ ಎದೆಗಿಲ್ಲವೇ? ಇಲ್ಲಿ ನಾವೆಲ್ಲ ಕ್ಷೇಮ. ಮಗಳು ಪ್ರೇಮಲೀಲಾ ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳು. ನೀವಿರಬೇಕಿತ್ತು.

ನಿಮ್ಮ ಕ್ಲಬ್ಬಿನ ದೊರೆ ಹೊಸ ಗಾಜು ಹಾಕಿಸಲು ಕೊಟ್ಟ ಹಳೆಯ ಅಚ್ಚಿನ ಪಟಗಳು ಮಾವನವರ ಅಂಗಡಿಗೆ ತಲುಪಿದವು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಒತ್ತಿದ್ದು, ಗಾಲ್ಫ್ ಹುಟ್ಟಿದ ಕಾಲದ್ದು ಎಂದು ನೀವೇ ಬರೆದಿದ್ದಿರಲ್ಲ. ಒಂದರಲ್ಲಿ ದೊಗಲೆ ಚಲ್ಲಣದ ಜನ ಹೆಪ್ಪುಗಟ್ಟಿದ ಕೆರೆಯ ಮೇಲೆ ಚೆಂಡು ಹೊಡೆಯುತ್ತಿದ್ದರು. ಅವರ ನಡುವೆ ಕೋಲುಗಳ ಕಟ್ಟು ಹೊತ್ತ ಆಳೊಬ್ಬ ನಮಗೆ ಬೆನ್ನು ಮಾಡಿ ನಿಂತಿದ್ದ. ದೇವರ ಪಟಕ್ಕೆ ಗಾಜು ಕೂರಿಸುವ ಮುಂಚೆ ಮಾವನವರು ಗರಿಕೆಯನ್ನು ತುಪ್ಪದಲ್ಲಿ ಅದ್ದಿ ಕಣ್ಣಿಗೆ ಸೋಕಿಸಿ, ಕನ್ನಡಿ ತೋರಿಸುತ್ತಾರಲ್ಲ, ಕೈ ರೂಢಿಯಲ್ಲಿ ಈ ಕೆರೆಯವರಿಗೂ ಅದನ್ನೇ ಮಾಡಿಬಿಟ್ಟರು. ನಾನು ನಕ್ಕೆ. "ಪಟ ಅಂದ್ಮೇಲೆ ಪಟ ಕಣವ್ವ, ಕಣ್ಣು ಬುಡಿಸ್ದೆ ಗಾಜು ಆಕಕ್ಕಾಯ್ತದಾ?" ಎಂದು ರೇಗಿದರು.

ಮಾರನೆಯ ದಿನ ಗಾಜು ಒರೆಸಲು ಹೋದರೆ, ಚೆಂಡನ್ನು ನೋಡುತ್ತಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ನನಗೆ ನಿದ್ದೆ ಸಾಲದೆಂದುಕೊಂಡೆ. ಆಮೇಲೊಂದು ದಿನ ಆ ಆಳಿನ ಕಿವಿ ಕಂಡಿತು, ಆಮೇಲೆ ಕೆನ್ನೆ. ನಿನ್ನೆ ನೋಡಿದರೆ ಪೂರ್ತಿ ತಿರುಗಿ ನಿಂತಿದ್ದಾನೆ. ನಿಮ್ಮ ಮುಖ. ಎತ್ತು ತಿವಿದ ಹುಬ್ಬಿನ ಗಾಯವೂ ಇದೆ. ಪ್ರೇಮ ಬೆರಳು ತೋರಿಸಿ "ಅಪ್ಪ" ಎಂದಳು. ನನಗೆ ಭಯವಾಗಿದೆ, ಮುಚ್ಚಿಟ್ಟು ಏನು ಪ್ರಯೋಜನ?

ಮಾವನವರ ಮಬ್ಬು ಕಣ್ಣಿಗೆ ಆ ಮುಖ ಕಾಣಲಿಲ್ಲ. ನಾನು ಹೇಳಿದ್ದು ಕೇಳಿಯೇ ಗಲ್ಲ ಬಡಿದುಕೊಂಡರು. "ತಪ್ಪಾಗೋಯ್ತು ಕಣವ್ವ. ಇಂಥ ಪಟವ ಮನೇಲಿ ಮಡಗಬಾರ್ದು, ಒಳೆಗೆ ಬುಟ್ಬುಡಾದೇಯ" ಎಂದರು. ಗಾಜೊಡೆದ ದೇವರ ಪಟಗಳನ್ನು ನಾವು ಕಳಿಸಿಕೊಡುವುದು ಹಾಗೇ ಅಲ್ಲವೇ? ಆದರೆ ನಿಮ್ಮ ಮುಖವನ್ನು ನೀರಿಗೆ ಹೇಗೆ ಬಿಡಲಿ? ಅವರ ಕಾಲು ಹಿಡಿದುಕೊಂಡು ಬೇಡವೆಂದೆ. ಕಾಲು ಬಿಡಿಸಿಕೊಂಡು ಒಳಗೆ ಹೋದರು. ರಜಾ ಕೇಳಿ ಬಂದುಬಿಡಿ, ಅದನ್ನೇನು ಮಾಡಬೇಕೆಂದು ನೀವೇ ಹೇಳಿ.

ಮಗಳ ಮುತ್ತುಗಳನ್ನು ಇದರಲ್ಲೇ ಮಡಿಸಿಟ್ಟಿದ್ದೇನೆ. ನಂಜುಂಡೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮವಳೇ ಆದ
ಶಿವನಂಜಮ್ಮ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಅಂಚೆಗೆ ಹೊರಟು ನೋಡಿದರೆ ಆ ಪಟ ತೂಗುಹಾಕಿದ್ದ ಗೋಡೆಯ ಮೊಳೆ ಬರಿದಾಗಿದೆ. ಮಾವನವರು ಗೋಣಿಯಲ್ಲಿ ಏನೋ ಸುತ್ತಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದ್ದನ್ನು ಪಕ್ಕದ ಮನೆಯ ಬೆಟ್ಟಮ್ಮ ಕಂಡಳಂತೆ. ಇಷ್ಟು ಹೊತ್ತಿಗೆ ಹೊಳೆ ಸೇರಿರಬೇಕು. ತಂತಿ ಕೊಡಲು ಓಡುತ್ತಿದ್ದೇನೆ, ಇದನ್ನೂ ಹಾಕುತ್ತೇನೆ, ಯಾವುದಾದರೂ ಮೊದಲು ಮುಟ್ಟಲಿ. ಗಂಡನ ಹೆಸರನ್ನು ನಾನು ಎಂದೂ ಬಾಯಿಗೆ ತಂದವಳಲ್ಲ. ಈಗ ಕೂಗುತ್ತಿದ್ದೇನೆ. ಮಹದೇವೂ, ಆ ಕೊಳಕ್ಕೆ ಇಳಿಯಬೇಡಿ.